ಸೂಜಿಗಲ್ಲು ತೋರುವ ನೆಲ

ಆಸ್ಟ್ರೇಲಿಯಾದಲ್ಲಿ ಬಾಕ್ಸ್ ಹಿಲ್ ಎಂಬ ಹೆಸರಿನ ಬಡಾವಣೆಗಳು ಮೆಲ್ಬರ್ನ್‌ನಲ್ಲಿ ಒಂದು, ಸಿಡ್ನಿಯಲ್ಲಿ ಒಂದು ಇವೆ. ಮೊದಲನೆಯದು ಮೆಲ್ಬರ್ನ್ ನಗರದ ನಡುಭಾಗದಿಂದ ಪೂರ್ವಕ್ಕೆ ಸುಮಾರು 14 ಕಿಲೋಮೀಟರ್ ದೂರದಲ್ಲಿರುವ ಹಳೆಯ ಬಡಾವಣೆ. ಎರಡನೆಯದು ಸಿಡ್ನಿಯ ವಾಯವ್ಯ ಅಂಚಿನಲ್ಲಿ ತೋಟ-ಹುಲ್ಲುಗಾವಲುಗಳ ಜಾಗದಲ್ಲಿ ಇತ್ತೀಚೆಗೆ ಎದ್ದು ನಿಂತ ಹೊಸ ಬಡಾವಣೆ. ಮೆಲ್ಬರ್ನ್‌ನ ಬಾಕ್ಸ್ ಹಿಲ್ ಕೆಳಗಿರುವುದು ನಲವತ್ತು ಕೋಟಿ ವರ್ಷಗಳಿಗೂ ಹಿಂದೆ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತು ಗಟ್ಟಿಯಾದ ಕೆಸರುಗಲ್ಲು ಮತ್ತು ಮರಳುಗಲ್ಲು. ಸಿಡ್ನಿಯ ಬಾಕ್ಸ್ ಹಿಲ್ ಕೆಳಗಿರುವುದು ಇಪ್ಪತ್ತು ಕೋಟಿ ವರ್ಷಗಳಿಗೂ ಹಳೆಯದಾದ ಜೇಡಿಗಲ್ಲು. ವಯಸ್ಸಿನಲ್ಲಿ ಇಷ್ಟು ಅಂತರವಿದ್ದರೂ ಒಂದು ಗುಣದಲ್ಲಿ ಎರಡೂ ನೆಲಗಳು ಒಂದೇ: ಅವುಗಳ ಶಿಲೆಯಲ್ಲಿ ಅಯಸ್ಕಾಂತೀಯ ಖನಿಜ ಅತ್ಯಲ್ಪ, ಆದ್ದರಿಂದ ಮನೆ, ಕಂಬ, ಕಾರುಗಳನ್ನೆಲ್ಲ ತೆಗೆದುಹಾಕಿ ಬರಿಯ ನೆಲದ ಮೇಲೆ ಸೂಕ್ಷ್ಮ ಉಪಕರಣವೊಂದನ್ನು ಹಿಡಿದು ನಡೆದರೆ ಅದರ ಅಂಕಿಗಳು ಬಹುಮಟ್ಟಿಗೆ ಅಲುಗಾಡದೆ ನಿಲ್ಲುತ್ತವೆ. ಅದೇ ಉಪಕರಣವನ್ನು ಮೆಲ್ಬರ್ನ್‌ನ ಪಶ್ಚಿಮಕ್ಕೆ ಒಯ್ದರೆ, ಲಾವಾರಸ ಹರಿದು ಹೆಪ್ಪುಗಟ್ಟಿದ ಬಸಾಲ್ಟ್ ಬಯಲಿನ ಮೇಲೆ ಕಾಲಿಡುತ್ತಿದ್ದಂತೆಯೇ ಅಂಕಿಗಳು ಹೆಜ್ಜೆಹೆಜ್ಜೆಗೂ ಏರಿಳಿಯತೊಡಗುತ್ತವೆ. ಸಿಡ್ನಿಯಲ್ಲಿಯೂ ಹಾಗೆಯೇ: ಜೇಡಿಗಲ್ಲನ್ನು ಸೀಳಿಕೊಂಡು ಮೇಲೆದ್ದ ಪ್ರಾಸ್ಪೆಕ್ಟ್ ಗುಡ್ಡದ ಡೋಲರೈಟ್ ಶಿಲೆಯನ್ನು, ಅಥವಾ ಹಾರ್ನ್ಸ್‌ಬಿಯ ಹಳೆಯ ಕಲ್ಲುಗಣಿಯಲ್ಲಿ ಬಯಲಾಗಿರುವ ಪುರಾತನ ಜ್ವಾಲಾಮುಖಿಯ ಕೊಳವೆಯನ್ನು ಸಮೀಪಿಸಿದಾಗ ಶಾಂತವಾಗಿದ್ದ ನಕ್ಷೆಯ ರೇಖೆಗಳು ಒತ್ತೊತ್ತಾಗಿ ಸುರುಳಿಗಟ್ಟುತ್ತವೆ.

ನೆಲವನ್ನು ಅಗೆಯದೆ, ಕೊರೆಯದೆ, ಮುಟ್ಟದೆಯೂ ಅದರೊಳಗಿನ ಶಿಲೆಗಳನ್ನು ಹೀಗೆ ಬೇರ್ಪಡಿಸಿ ನೋಡುವ ವಿಧಾನಕ್ಕೆ ಕಾಂತೀಯ ಸಮೀಕ್ಷೆ ಎಂದು ಹೆಸರು. ಖನಿಜಾನ್ವೇಷಣೆಯ ಭೂಭೌತಿಕ ವಿಧಾನಗಳಲ್ಲಿ ಅತ್ಯಂತ ಹಳೆಯದೂ ಅತ್ಯಂತ ಅಗ್ಗವಾದದ್ದೂ ಇದೇ. ಅಗ್ಗವಾಗಿರುವುದಕ್ಕೆ ಕಾರಣ ಸರಳ: ಇತರ ಹಲವು ವಿಧಾನಗಳಲ್ಲಿ ನೆಲಕ್ಕೆ ವಿದ್ಯುತ್ತನ್ನೋ ಕಂಪನವನ್ನೋ ಉಣಿಸಿ ಉತ್ತರಕ್ಕಾಗಿ ಕಾಯಬೇಕಾಗುತ್ತದೆ, ಇಲ್ಲಿ ಪ್ರಶ್ನೆ ಕೇಳುವ ಕೆಲಸವನ್ನು ಭೂಮಿಯೇ ಮಾಡಿಕೊಡುತ್ತದೆ. ಭೂಮಿಯ ಹೊರತಿರುಳಿನಲ್ಲಿ ಹರಿದಾಡುವ ದ್ರವರೂಪದ ಕಬ್ಬಿಣ ಹುಟ್ಟಿಸುವ ಕಾಂತಕ್ಷೇತ್ರವು ಎಲ್ಲ ಶಿಲೆಗಳನ್ನೂ ಹಾದುಹೋಗುತ್ತದೆ, ಹಾದುಹೋಗುವಾಗ ಕೆಲವು ಶಿಲೆಗಳನ್ನು ತಾತ್ಕಾಲಿಕ ಅಯಸ್ಕಾಂತಗಳನ್ನಾಗಿ ಮಾಡುತ್ತದೆ, ಹಾಗೆ ಕಾಂತಗೊಂಡ ಶಿಲೆಯು ತನ್ನದೇ ಆದ ಪುಟ್ಟ ಕ್ಷೇತ್ರವನ್ನು ಮೂಲಕ್ಷೇತ್ರಕ್ಕೆ ಕೂಡಿಸುತ್ತದೆ ಇಲ್ಲವೇ ಅದರಿಂದ ಕಳೆಯುತ್ತದೆ. ಈ ಕೂಡಿಕೆ-ಕಳೆತವನ್ನು ಕಾಂತೀಯ ಅಸಂಗತಿ ಎನ್ನುತ್ತಾರೆ. ಕ್ಷೇತ್ರದ ಬಲವನ್ನು ಅಳೆಯುವ ಏಕಮಾನ ನ್ಯಾನೋಟೆಸ್ಲಾ. ಮೆಲ್ಬರ್ನ್‌ನಲ್ಲಿ ಭೂಮಿಯ ಕ್ಷೇತ್ರ ಸುಮಾರು 60,000, ಸಿಡ್ನಿಯಲ್ಲಿ ಸುಮಾರು 57,000, ಬೆಂಗಳೂರಿನಲ್ಲಿ ಸುಮಾರು 41,000 ನ್ಯಾನೋಟೆಸ್ಲಾ. ಅದಿರಿನ ಸುಳಿವು ಕೊಡುವ ಅಸಂಗತಿಯಾದರೋ ಒಮ್ಮೊಮ್ಮೆ ಸಾವಿರಗಳಲ್ಲಿರಬಹುದು, ಎಷ್ಟೋ ಸಲ ಬರಿಯ ಹತ್ತಿಪ್ಪತ್ತು ನ್ಯಾನೋಟೆಸ್ಲಾ ಮಾತ್ರ ಇರಬಹುದು. ಆದ್ದರಿಂದ ಈ ಶಾಸ್ತ್ರದ ಕಷ್ಟವೆಲ್ಲ ದೊಡ್ಡ ಸಂಖ್ಯೆಯೊಂದರ ಮೈಮೇಲೆ ಕುಳಿತಿರುವ ಸಣ್ಣ ಸಂಖ್ಯೆಯನ್ನು ನಂಬಿಕೆಗೆ ಅರ್ಹವಾಗಿ ಬಿಡಿಸಿ ತೆಗೆಯುವುದರಲ್ಲಿದೆ.

ಯಾವ ಶಿಲೆ ಕಾಂತಗೊಳ್ಳುತ್ತದೆ, ಯಾವುದು ಇಲ್ಲ ಎಂಬುದನ್ನು ನಿರ್ಧರಿಸುವುದು ಹೆಚ್ಚುಕಡಿಮೆ ಒಂದೇ ಖನಿಜ. ಕನ್ನಡದಲ್ಲಿ ಸೂಜಿಗಲ್ಲು ಎಂದು ಕರೆಯುತ್ತ ಬಂದಿರುವ ಕಲ್ಲಿನ ಮೂಲದ್ರವ್ಯವಾದ ಮ್ಯಾಗ್ನೆಟೈಟ್ ಅದು. ಮೂರು ಪಾಲು ಕಬ್ಬಿಣ, ನಾಲ್ಕು ಪಾಲು ಆಮ್ಲಜನಕದ ಪರಮಾಣುಗಳು ಸೇರಿ ಆದ ಕಪ್ಪು ಆಕ್ಸೈಡ್. ಅದರ ಒಡಹುಟ್ಟಾದ ಹೆಮಟೈಟ್‌ನಲ್ಲಿ ಇರುವುದೂ ಕಬ್ಬಿಣ ಮತ್ತು ಆಮ್ಲಜನಕವೇ. ಆದರೂ ಪರಮಾಣುಗಳ ಜೋಡಣೆ ಬೇರೆಯಾದ ಕಾರಣ ಅದು ಸೂಜಿಯನ್ನು ಅಷ್ಟಾಗಿ ಕದಲಿಸದು. ಗಂಧಕದೊಂದಿಗೆ ಕೂಡಿದ ಪಿರೋಟೈಟ್ ಎಂಬ ಇನ್ನೊಂದು ಖನಿಜವೂ ಸಾಕಷ್ಟು ಬಲವಾಗಿ ಕಾಂತಗೊಳ್ಳುತ್ತದೆ. ಜನ ನಿಜಕ್ಕೂ ಹುಡುಕಿಕೊಂಡು ಹೋಗುವ ಚಿನ್ನ, ತಾಮ್ರ, ಬೆಳ್ಳಿ, ಸೀಸ, ಸತು ಯಾವುವೂ ಸೂಜಿಯನ್ನು ಅಲುಗಿಸುವುದಿಲ್ಲ. ಮೆಲ್ಬರ್ನ್‌ನ ಬಾಕ್ಸ್ ಹಿಲ್‌ಗೆ ತೀರ ಹತ್ತಿರದ ವಾರಂಡೈಟ್‌ನಲ್ಲಿ 1851ರಲ್ಲಿ, ವಿಕ್ಟೋರಿಯಾದ ಚಿನ್ನದ ಓಟದ ಆರಂಭದಲ್ಲೇ, ಚಿನ್ನ ಸಿಕ್ಕಿತಾದರೂ ಆ ಚಿನ್ನದ ಮೇಲೆ ಎಂತಹ ಕಾಂತಮಾಪಕವನ್ನು ಹಿಡಿದಿದ್ದರೂ ಅದು ಸುಮ್ಮನೇ ಇರುತ್ತಿತ್ತು. ಕಾಂತೀಯ ಸಮೀಕ್ಷೆಯ ಬಗ್ಗೆ ಬರೆಯುವವರು ಹಲವರು ಇದನ್ನು ಅದಿರನ್ನು ಪತ್ತೆಹಚ್ಚುವ ಕಣ್ಣು ಎಂದು ವರ್ಣಿಸುತ್ತಾರೆ. ಆ ವರ್ಣನೆ ಓದುಗನನ್ನು ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪಿಸುತ್ತದೆ. ಸಮೀಕ್ಷೆ ಕೊಡುವುದು ಮ್ಯಾಗ್ನೆಟೈಟ್ ಎಲ್ಲಿ ಎಷ್ಟಿದೆ ಎಂಬುದರ ನಕ್ಷೆಯನ್ನು. ಅಲ್ಲಿಂದ ಅದಿರಿಗೆ ಹೋಗುವ ದಾರಿಯನ್ನು ಭೂವಿಜ್ಞಾನದ ತರ್ಕದಿಂದಲೇ ಕಂಡುಕೊಳ್ಳಬೇಕು, ಆ ತರ್ಕ ಹುಸಿಹೋದ ಪ್ರಸಂಗಗಳೂ, ಹುಸಿಹೋಗಿಯೂ ಫಲಕೊಟ್ಟ ಪ್ರಸಂಗವೊಂದೂ ಆಸ್ಟ್ರೇಲಿಯಾದ ಗಣಿಗಾರಿಕೆಯ ಇತಿಹಾಸದಲ್ಲಿವೆ.

ಮೆಲ್ಬರ್ನ್ ಸುತ್ತಲಿನ ನೆಲವನ್ನು ಕಾಂತದ ದೃಷ್ಟಿಯಿಂದ ಕ್ರಮವಾಗಿ ಅಳೆಯುವ ಕೆಲಸ ಗಣಿಗಳಿಗಾಗಿ ಆರಂಭವಾದದ್ದಲ್ಲ. ಬವೇರಿಯಾದ ದೊರೆ ಎರಡನೆಯ ಮ್ಯಾಕ್ಸಿಮಿಲಿಯನ್‌ನ ನೆರವಿನಿಂದ ಉಪಕರಣಗಳನ್ನು ಹೊತ್ತುಕೊಂಡು 1857ರಲ್ಲಿ ಮೆಲ್ಬರ್ನ್‌ಗೆ ಬಂದಿಳಿದ ಜರ್ಮನ್ ವಿಜ್ಞಾನಿ ಗಿಯೋರ್ಗ್ ಫಾನ್ ನಾಯ್‌ಮಯರ್, ನಗರದ ಫ್ಲಾಗ್‌ಸ್ಟಾಫ್ ದಿಣ್ಣೆಯ ಮೇಲೆ ವೀಕ್ಷಣಾಲಯವೊಂದನ್ನು ಕಟ್ಟಿ 1858ರ ಮಾರ್ಚ್‌ನಿಂದ ಕಾಂತಕ್ಷೇತ್ರದ ಏರಿಳಿತಗಳನ್ನು ದಾಖಲಿಸತೊಡಗಿದರು. ದಕ್ಷಿಣಾರ್ಧಗೋಳದ ಹಡಗುಗಳಿಗೆ ದಿಕ್ಸೂಚಿಯ ದೋಷವನ್ನು ತಿದ್ದಿಕೊಡುವುದು ಆ ಕಾಲದ ಮುಖ್ಯ ಅಗತ್ಯವಾಗಿತ್ತು. ನಾಯ್‌ಮಯರ್ ಅಷ್ಟಕ್ಕೇ ನಿಲ್ಲದೆ 1858ರಿಂದ 1864ರವರೆಗೆ ಕುದುರೆಯ ಮೇಲೂ ಕಾಲ್ನಡಿಗೆಯಲ್ಲೂ ವಿಕ್ಟೋರಿಯಾ ವಸಾಹತಿನ ಉದ್ದಗಲ ತಿರುಗಿ, ಇನ್ನೂರಕ್ಕೂ ಹೆಚ್ಚು ಸ್ಥಳಗಳಲ್ಲಿ ಸೂಜಿಯ ದಿಕ್ಕು, ಅದು ಬಾಗುವ ಕೋನ ಮತ್ತು ಕ್ಷೇತ್ರದ ಬಲ ಮೂರನ್ನೂ ಅಳೆದರು. 1862ರಲ್ಲಿ ಚಿತ್ರಕಾರ ಯೂಜೀನ್ ಫಾನ್ ಗೆರಾರ್ ಅವರೊಂದಿಗೆ ಕೋಸಿಯಸ್ಕೋ ಪರ್ವತವನ್ನೂ ಏರಿದರು. ಅವರ ವೀಕ್ಷಣಾಲಯದಲ್ಲಿ ಸಹಾಯಕನಾಗಿದ್ದ ತರುಣ ವಿಲಿಯಂ ಜಾನ್ ವಿಲ್ಸ್ 1860ರಲ್ಲಿ ಅನ್ವೇಷಕ ಬರ್ಕ್ ಜೊತೆ ಖಂಡವನ್ನು ದಾಟುವ ಯಾತ್ರೆಗೆ ಹೊರಟು ಮರಳಿ ಬರಲಿಲ್ಲ. ಇಂದು ಬಾಕ್ಸ್ ಹಿಲ್‌ನಿಂದ ಹೊರಟ ರೈಲು ನಗರದ ಸುರಂಗದಲ್ಲಿ ಸುತ್ತುಹಾಕುವಾಗ ಫ್ಲಾಗ್‌ಸ್ಟಾಫ್ ನಿಲ್ದಾಣದಲ್ಲಿ ನಿಲ್ಲುತ್ತದೆ. ಮೇಲಿನ ಉದ್ಯಾನವೇ ಆ ದಿಣ್ಣೆ.

ವಿದ್ಯುತ್ ಗಾಡಿಗಳ ಓಡಾಟ ಶುರುವಾದ ಮೇಲೆ ನಗರಗಳು ಈ ಅಳತೆಗೆ ಯೋಗ್ಯವಾಗಿ ಉಳಿಯಲಿಲ್ಲ, ಆ ಬದಲಾವಣೆಯ ಮೊದಲ ಸುಳಿವು ಕಂಡದ್ದು ಬಾಕ್ಸ್ ಹಿಲ್‌ನಲ್ಲಿಯೇ ಎಂಬುದು ಗಮನಾರ್ಹ. ಮೆಲ್ಬರ್ನ್‌ನ 1888ರ ಶತಮಾನೋತ್ಸವ ಪ್ರದರ್ಶನದಲ್ಲಿ ತೋರಿಸಲಾಗಿದ್ದ ಯಂತ್ರಸಾಮಗ್ರಿಯನ್ನು ತಂದು 1889ರ ಅಕ್ಟೋಬರ್‌ನಲ್ಲಿ ಬಾಕ್ಸ್ ಹಿಲ್ ಮತ್ತು ಡಾಂಕಾಸ್ಟರ್ ನಡುವೆ ವಿದ್ಯುತ್ ಟ್ರಾಮನ್ನು ಓಡಿಸಲಾಯಿತು. ವಿಕ್ಟೋರಿಯಾಕ್ಕೆ ಅದು ಮೊದಲ ವಿದ್ಯುತ್ ಟ್ರಾಮ್. ಹಣ್ಣಿನ ತೋಟಗಳ ನಡುವೆ ಓಡುತ್ತಿದ್ದ ಆ ಗಾಡಿ 1896ರ ಆರಂಭದಲ್ಲೇ ನಿಂತುಹೋಯಿತಾದರೂ ಟ್ರಾಮ್ ರಸ್ತೆ ಎಂಬ ಹೆಸರು ಅಲ್ಲಿ ಉಳಿದಿದೆ. ಟ್ರಾಮು ಮತ್ತು ರೈಲುಗಳಿಗೆ ಉಣಿಸುವ ಏಕಮುಖ ವಿದ್ಯುತ್ ಹಳಿಯ ಮೂಲಕ ಹಿಂದಿರುಗುವಾಗ ಅದರ ಒಂದಷ್ಟು ಪಾಲು ನೆಲಕ್ಕಿಳಿದು ಅಡ್ಡಾದಿಡ್ಡಿಯಾಗಿ ಹರಿಯುತ್ತದೆ, ವಿದ್ಯುತ್ ಹರಿದಲ್ಲೆಲ್ಲ ಕಾಂತಕ್ಷೇತ್ರ ಹುಟ್ಟುತ್ತದೆ, ಹೀಗಾಗಿ ಪ್ರತಿ ಗಾಡಿಯ ಬರುಹೋಗುವಿಕೆಯೂ ಸೂಕ್ಷ್ಮ ಸೂಜಿಗೆ ನಡುಕವಾಗಿ ತಟ್ಟುತ್ತದೆ. 1919ರಲ್ಲಿ ಮೆಲ್ಬರ್ನ್‌ನ ಉಪನಗರ ರೈಲುಗಳು ವಿದ್ಯುತ್ತಿಗೆ ಬದಲಾಗುವ ಹೊತ್ತಿಗೆ ಕಾಂತೀಯ ವೀಕ್ಷಣೆಯನ್ನು ನಗರದಿಂದ ಈಶಾನ್ಯಕ್ಕೆ, ಟೂಲಾಂಗಿಯ ಕಾಡಿಗೆ ಸಾಗಿಸಬೇಕಾಯಿತು. ಭಾರತದಲ್ಲಿಯೂ ಇದೇ ಕಥೆ ನಡೆದಿದೆ: ಮುಂಬಯಿಯಲ್ಲಿ ವಿದ್ಯುತ್ ಟ್ರಾಮುಗಳು ಬರುತ್ತವೆ ಎಂದಾದಾಗ ಕೊಲಾಬಾದ ಕಾಂತೀಯ ವೀಕ್ಷಣಾಲಯವನ್ನು 1904ರಲ್ಲಿ ಕೊಲ್ಲಿಯ ಆಚೆಯ ಅಲಿಬಾಗ್‌ಗೆ ವರ್ಗಾಯಿಸಿ, ಕಬ್ಬಿಣದ ಸೋಂಕಿಲ್ಲದಂತೆ ಕಟ್ಟಡ ಕಟ್ಟಲಾಯಿತು.

ಕಾಂತದಿಂದ ಕಬ್ಬಿಣದ ಅದಿರನ್ನು ಹುಡುಕುವ ರೂಢಿ ಸ್ವೀಡನ್ನಿನಲ್ಲಿ ಹದಿನೇಳನೆಯ ಶತಮಾನದಿಂದಲೇ ಇತ್ತು. ಅಲ್ಲಿನ ಗಣಿಗಾರರು ಮೇಲೆ-ಕೆಳಗೆ ಬಾಗಬಲ್ಲ ಸೂಜಿಯನ್ನು ಹಿಡಿದು ಹೊಲದಲ್ಲಿ ನಡೆಯುತ್ತ, ಸೂಜಿ ನೆಟ್ಟಗೆ ನೆಲಕ್ಕೆ ಮುಖಮಾಡಿದ ಜಾಗದಲ್ಲಿ ಅಗೆಯುತ್ತಿದ್ದರು. ಆ ಕುಶಲತೆಗೆ ಗಣಿತದ ತಳಹದಿ ಒದಗಿಸಿದ್ದು 1879ರಲ್ಲಿ ಪ್ರಕಟವಾದ ರಾಬರ್ಟ್ ಥಾಲೇನ್ ಅವರ ಗ್ರಂಥ. ಆಸ್ಟ್ರೇಲಿಯಾದಲ್ಲಿ ಇಂತಹ ವಿಧಾನಗಳನ್ನು ಒರೆಗೆ ಹಚ್ಚಿದ ಮೊದಲ ವ್ಯವಸ್ಥಿತ ಪ್ರಯತ್ನ 1928ರಿಂದ 1930ರವರೆಗೆ ನಡೆದ ಇಂಪೀರಿಯಲ್ ಜಿಯೋಫಿಸಿಕಲ್ ಎಕ್ಸ್‌ಪೆರಿಮೆಂಟಲ್ ಸರ್ವೆ. ಅದರ ಫಲಿತಾಂಶಗಳನ್ನು 1931ರಲ್ಲಿ ಗ್ರಂಥವಾಗಿ ಸಂಪಾದಿಸಿದವರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಟಿ. ಎಚ್. ಲೇಬಿ ಒಬ್ಬರು. ಅಲ್ಲಿಯವರೆಗೂ ಅಳತೆಯೆಂದರೆ ತೂಗುವ ಸೂಜಿಯೇ, ಒಂದೊಂದು ಸ್ಥಳದಲ್ಲೂ ಮುಕ್ಕಾಲಿಯನ್ನು ಸಮಮಟ್ಟಕ್ಕೆ ತಂದು ಸೂಜಿ ನಿಲ್ಲುವುದನ್ನು ಕಾಯುವ ತಾಳ್ಮೆಯ ಕೆಲಸವೇ. ಎರಡನೆಯ ಮಹಾಯುದ್ಧದಲ್ಲಿ ನೀರಿನಡಿಯ ಸಬ್‌ಮರೀನುಗಳನ್ನು ವಿಮಾನದಿಂದ ಪತ್ತೆಹಚ್ಚಲು, ವಿಕ್ಟರ್ ವಾಕಿಯೇ ರೂಪಿಸಿದ ಫ್ಲಕ್ಸ್‌ಗೇಟ್ ಎಂಬ ಕಾಂತಮಾಪಕವನ್ನು ಬಳಸಲಾಯಿತು, ಯುದ್ಧ ಮುಗಿದ ಮೇಲೆ ಅದೇ ಉಪಕರಣ ಗಣಿಗಳ ಕಡೆಗೆ ತಿರುಗಿತು.

ಆದರೆ ಹೊಲದಲ್ಲಿ ನಡೆಯುವವನ ಕೈಗೆ ನಿಜವಾದ ಬಲ ಬಂದದ್ದು 1950ರ ದಶಕದಲ್ಲಿ, ಪ್ರೋಟಾನ್ ಮ್ಯಾಗ್ನೆಟೋಮೀಟರ್ ಬಂದಾಗ. ಅದರ ಸರಳತೆ ಯಾರನ್ನಾದರೂ ಬೆರಗುಗೊಳಿಸುವಂಥದು. ಅಂಗೈ ಅಗಲದ ಒಂದು ಸೀಸೆ, ಅದರ ತುಂಬ ಸೀಮೆಎಣ್ಣೆ ಅಥವಾ ನೀರು, ಸುತ್ತ ತಾಮ್ರದ ತಂತಿಯ ಸುರುಳಿ. ಸುರುಳಿಯಲ್ಲಿ ವಿದ್ಯುತ್ ಹರಿಸಿದಾಗ ದ್ರವದಲ್ಲಿರುವ ಜಲಜನಕದ ಬೀಜಗಳು, ಅಂದರೆ ಪ್ರೋಟಾನುಗಳು, ಪುಟ್ಟ ಅಯಸ್ಕಾಂತಗಳಂತೆ ಒಂದೇ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ವಿದ್ಯುತ್ತನ್ನು ಥಟ್ಟನೆ ನಿಲ್ಲಿಸಿದಾಗ ಅವು ಭೂಮಿಯ ಕ್ಷೇತ್ರದ ಸುತ್ತ, ವೇಗ ಕಳೆದುಕೊಳ್ಳುತ್ತಿರುವ ಬುಗುರಿ ತಲೆದೂಗುವಂತೆ ತೂಗಾಡತೊಡಗುತ್ತವೆ. ಸೆಕೆಂಡಿಗೆ ಎಷ್ಟು ಬಾರಿ ತೂಗುತ್ತವೆ ಎಂಬುದು ಕ್ಷೇತ್ರದ ಬಲವೊಂದನ್ನೇ ಅವಲಂಬಿಸಿದೆ, ಉಪಕರಣ ವಾಲಿದೆಯೇ ನೆಟ್ಟಗಿದೆಯೇ ಎಂಬುದನ್ನಲ್ಲ. ಮೆಲ್ಬರ್ನ್‌ನಲ್ಲಿ ಈ ತೂಗಾಟ ಸೆಕೆಂಡಿಗೆ ಸುಮಾರು 2,550 ಬಾರಿ, ಬೆಂಗಳೂರಿನಲ್ಲಿ ಸುಮಾರು 1,750 ಬಾರಿ; ಸುರುಳಿಯಲ್ಲಿ ಹುಟ್ಟುವ ಸಂಕೇತವನ್ನು ಹಿಗ್ಗಿಸಿ ಸ್ಪೀಕರಿಗೆ ಕೊಟ್ಟರೆ ಕಿವಿಗೇ ಕೇಳಿಸುವ ಸ್ವರ, ಎರಡು ಊರುಗಳ ಸ್ವರಗಳ ನಡುವೆ ಸಂಗೀತ ಬಲ್ಲವರು ಷಡ್ಜ-ಪಂಚಮದ ಸಮೀಪದ ಅಂತರವನ್ನು ಗುರುತಿಸಬಹುದು.

ಸಮೀಕ್ಷಕನು ಇದನ್ನು ಆಳೆತ್ತರಕ್ಕೂ ಮೇಲೆ, ಅಲ್ಯೂಮಿನಿಯಂ ಕೋಲಿನ ತುದಿಗೆ ಕಟ್ಟಿಕೊಂಡು ಗೆರೆ ಹಿಡಿದು ನಡೆಯುತ್ತಾನೆ. ಹೊರಡುವ ಮೊದಲು ಆತ ಬೀಗದ ಕೈ, ಚಾಕು, ಮೊಬೈಲು, ಬೆಲ್ಟಿನ ಕೊಕ್ಕೆ ಎಲ್ಲವನ್ನೂ ಬಿಚ್ಚಿಡಬೇಕು. ಬೂಟಿನ ಮುಂಗಾಲಿನಲ್ಲಿ ಉಕ್ಕಿನ ತಗಡಿದ್ದರೆ ಅದೂ ಆಗದು. ಎದುರಿಗೆ ಕುರಿಹಟ್ಟಿಯ ತಂತಿಬೇಲಿ ಬಂದರೆ ಅದರ ಎರಡೂ ಬದಿಯ ಅಳತೆಗಳನ್ನು ಟಿಪ್ಪಣಿಯಲ್ಲಿ ಗುರುತುಹಾಕಿ, ಆಮೇಲೆ ಬಿಟ್ಟುಬಿಡಬೇಕು. ಇಷ್ಟೆಲ್ಲ ಎಚ್ಚರ ವಹಿಸಿದರೂ ಆಕಾಶದಿಂದ ಬರುವ ತೊಂದರೆ ತಪ್ಪದು: ಸೂರ್ಯನ ಬಿಸಿಲಿಗೆ ಮೇಲಿನ ವಾಯುಮಂಡಲದಲ್ಲಿ ಹರಿಯುವ ವಿದ್ಯುತ್‌ಪ್ರವಾಹಗಳಿಂದ ಕ್ಷೇತ್ರವು ಬೆಳಗಿನಿಂದ ಸಂಜೆಯೊಳಗೆ ಹತ್ತಾರು ನ್ಯಾನೋಟೆಸ್ಲಾ ಏರಿಳಿಯುತ್ತದೆ, ಕಾಂತೀಯ ಬಿರುಗಾಳಿಯ ದಿನಗಳಲ್ಲಿ ನೂರಾರು. ಆದ್ದರಿಂದ ಎರಡನೆಯ ಉಪಕರಣವೊಂದನ್ನು ಒಂದೇ ಜಾಗದಲ್ಲಿ ದಿನವಿಡೀ ನಿಲ್ಲಿಸಿ, ಅದು ದಾಖಲಿಸಿದ ಏರಿಳಿತವನ್ನು ನಡೆದಾಡುವ ಉಪಕರಣದ ಲೆಕ್ಕದಿಂದ ಕಳೆಯುತ್ತಾರೆ. ಬಿರುಗಾಳಿ ಎದ್ದ ದಿನ ಕೆಲಸವನ್ನೇ ನಿಲ್ಲಿಸುತ್ತಾರೆ. ಉಳಿದ ಅಂಕಿಯಿಂದ ಭೂಗರ್ಭದ ಮೂಲಕ್ಷೇತ್ರವನ್ನು, ಐದು ವರ್ಷಕ್ಕೊಮ್ಮೆ ಪರಿಷ್ಕರಿಸುವ ಅಂತರರಾಷ್ಟ್ರೀಯ ಮಾದರಿಯ ಪ್ರಕಾರ ಕಳೆದ ಮೇಲೆ ಕೈಗೆ ಸಿಗುವುದೇ ಶಿಲೆಗಳ ಪಾಲು.

ಆಸ್ಟ್ರೇಲಿಯಾದಂತಹ ಖಂಡವನ್ನು ನಡೆದು ಅಳೆಯುವುದು ಸಾಧ್ಯವಿಲ್ಲ. 1946ರಲ್ಲಿ ಸ್ಥಾಪನೆಯಾದ ಕೇಂದ್ರ ಸರ್ಕಾರದ ಖನಿಜ ಸಂಪನ್ಮೂಲ ಸಂಸ್ಥೆ, ಸರಕು ಸಾಗಣೆಯ ಡಿಸಿ-3 ವಿಮಾನಕ್ಕೆ ಮಾಪಕ ಜೋಡಿಸಿ 1950ರ ದಶಕದಿಂದ ದೇಶದ ಮೇಲೆ ಸಮಾನಾಂತರ ಗೆರೆಗಳನ್ನು ಎಳೆಯತೊಡಗಿತು. ಇಂದಿನ ಸಮೀಕ್ಷಾ ವಿಮಾನಗಳು ನೆಲದಿಂದ ಅರವತ್ತು-ಎಂಬತ್ತು ಮೀಟರ್ ಎತ್ತರದಲ್ಲಿ, ಮರದ ತುದಿಗಳನ್ನು ಸವರಿದಂತೆ ಹಾರುತ್ತವೆ. ವಿಮಾನದ ಸ್ವಂತ ಲೋಹದ ಪ್ರಭಾವದಿಂದ ದೂರವಿರಲೆಂದು ಮಾಪಕವನ್ನು ಬಾಲದಿಂದ ಹಿಂದಕ್ಕೆ ಚಾಚಿದ ಉದ್ದನೆಯ ಕೊಂಬಿನ ತುದಿಯಲ್ಲಿ ಇಡುತ್ತಾರೆ. ದಶಕಗಳ ಕಾಲ ಬೇರೆಬೇರೆ ಸಂಸ್ಥೆಗಳು ಬೇರೆಬೇರೆ ಎತ್ತರದಲ್ಲಿ ಹಾರಿಸಿದ ಸಮೀಕ್ಷೆಗಳನ್ನು ಹೊಲಿದು ಒಂದೇ ಬಟ್ಟೆ ಮಾಡಲು, 2007ರಲ್ಲಿ 75 ಕಿಲೋಮೀಟರಿಗೊಂದರಂತೆ ಇಡೀ ಖಂಡದ ಮೇಲೆ ಉತ್ತರ-ದಕ್ಷಿಣವಾಗಿ ಗೆರೆಗಳನ್ನು ಹಾರಿಸಿ ಅವುಗಳನ್ನೇ ಅಳತೆಗೋಲಾಗಿ ಬಳಸಲಾಯಿತು. ಹೀಗೆ ಸಿದ್ಧವಾದ ಆಸ್ಟ್ರೇಲಿಯಾದ ಕಾಂತೀಯ ನಕ್ಷೆ ಯಾರು ಬೇಕಾದರೂ ಪಡೆಯಬಹುದಾದ ಸಾರ್ವಜನಿಕ ಸ್ವತ್ತು. ಮರಳು, ಜೇಡಿ ಮತ್ತು ಉಪ್ಪುಮಣ್ಣಿನಡಿ ಮುಚ್ಚಿಹೋದ ಹಳೆಯ ಶಿಲೆಗಳ ಮಡಿಕೆಗಳು, ಬಿರುಕುಗಳು, ಅವುಗಳನ್ನು ಅಡ್ಡಹಾಯುವ ಡೈಕುಗಳು, ಅಂದರೆ ಬಿರುಕಿನಲ್ಲಿ ನುಗ್ಗಿ ಗೋಡೆಯಂತೆ ಹೆಪ್ಪುಗಟ್ಟಿದ ಶಿಲಾರಸದ ಹಲಗೆಗಳು, ಎಲ್ಲವೂ ಅದರಲ್ಲಿ ಸೀರೆಯ ನೆರಿಗೆಯಷ್ಟು ಸ್ಪಷ್ಟವಾಗಿ ಮೂಡಿವೆ. ಒಂದು ದೇಶವು ತನ್ನ ಪ್ರಜೆಗಳಿಗೆ ಕೊಡಬಹುದಾದ ವೈಜ್ಞಾನಿಕ ಕೊಡುಗೆಗಳಲ್ಲಿ ಇಂಥ ನಕ್ಷೆಗೆ ಬಹಳ ಮೇಲಿನ ಸ್ಥಾನವಿದೆ. ಸಿಡ್ನಿಯ ಸುತ್ತ ಇದಕ್ಕೆ ಇನ್ನೊಂದು ಉಪಯೋಗವೂ ಉಂಟು: ದಕ್ಷಿಣದ ಇಲ್ಲವಾರಾ ಕಲ್ಲಿದ್ದಲ ಗಣಿಗಳಲ್ಲಿ ಕಲ್ಲಿದ್ದಲ ಪದರವನ್ನು ಕತ್ತರಿಸುವ ಡೈಕುಗಳಿಗೆ ಬೃಹತ್ ಕೊರೆಯುವ ಯಂತ್ರ ಢಿಕ್ಕಿ ಹೊಡೆಯದಂತೆ, ಅವು ಎಲ್ಲಿವೆ ಎಂದು ಮೊದಲೇ ತಿಳಿದುಕೊಳ್ಳಲು ಕಾಂತೀಯ ನಕ್ಷೆಯನ್ನು ನೋಡುತ್ತಾರೆ.

ನಕ್ಷೆಯಲ್ಲಿ ಉಬ್ಬಿದಂತೆ ಕಾಣುವ ಒಂದು ಅಸಂಗತಿಯಿಂದ ಮೂಲ ಎಷ್ಟು ಆಳದಲ್ಲಿದೆ ಎಂಬುದನ್ನು ಸ್ಥೂಲವಾಗಿ ಊಹಿಸಲು ಒಂದು ಹಳೆಯ ಸೂತ್ರವಿದೆ. ಮೆಲ್ಬರ್ನ್‌ನಂತೆ ಕ್ಷೇತ್ರವು ಕಡಿದಾಗಿರುವ ಕಡೆ, ಗುಂಡಗಿನ ಅದಿರುಗಡ್ಡೆಯ ಮೇಲಿನ ಉಬ್ಬು ತನ್ನ ಎತ್ತರದ ಅರ್ಧಕ್ಕೆ ಇಳಿಯುವ ಎರಡು ಬಿಂದುಗಳ ನಡುವಿನ ಅಗಲವನ್ನು ಅಳೆದರೆ ಅದು ಗಡ್ಡೆಯ ಕೇಂದ್ರದ ಆಳಕ್ಕೆ ಸರಿಸುಮಾರು ಸಮ. ಮೂಲವು ಆಳಕ್ಕಿಳಿದಂತೆ ಉಬ್ಬು ಅಗಲವಾಗುತ್ತ, ಆಳದ ಮೂರನೆಯ ಘಾತಕ್ಕೆ ತಕ್ಕಂತೆ ಕುಗ್ಗುತ್ತ ಹೋಗುತ್ತದೆ. ಆಳ ಎರಡರಷ್ಟಾದರೆ ಎತ್ತರ ಎಂಟನೆಯ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಆಳದಲ್ಲಿರುವ ಒತ್ತಾದ ಗಡ್ಡೆಯೂ, ಮೇಲೆಯೇ ಹರಡಿಕೊಂಡಿರುವ ತೆಳ್ಳನೆಯ ಹಾಸೂ ಒಂದೇ ಬಗೆಯ ಉಬ್ಬನ್ನು ಕೊಡಬಲ್ಲವು. ಇದು ಉಪಕರಣದ ಕೊರತೆಯಲ್ಲ, ಗಣಿತದಲ್ಲೇ ಅಡಗಿರುವ ಸಂದಿಗ್ಧ. ಎಷ್ಟೇ ಸೂಕ್ಷ್ಮವಾಗಿ ಅಳೆದರೂ ಅದು ನೀಗುವುದಿಲ್ಲ. ಜೊತೆಗೆ, ಶಿಲೆಯು ಹಿಂದೆಂದೋ ಆರುವಾಗ ಅಂದಿನ ಕ್ಷೇತ್ರದ ದಿಕ್ಕನ್ನು ತನ್ನಲ್ಲಿ ಹಿಡಿದಿಟ್ಟುಕೊಂಡಿರಬಹುದು. ಮ್ಯಾಗ್ನೆಟೈಟ್ 580 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆರುವಾಗ ಮಾಡಿಕೊಳ್ಳುವ ಈ ನೆನಪಿಗೆ ಶೇಷಕಾಂತತ್ವ ಎನ್ನುತ್ತಾರೆ. ಅದು ಇಂದಿನ ಕ್ಷೇತ್ರಕ್ಕೆ ವಿರುದ್ಧವಾಗಿದ್ದರೆ ಉಬ್ಬು ಇರಬೇಕಾದಲ್ಲಿ ತಗ್ಗು ಕಾಣುತ್ತದೆ.

ಇಷ್ಟೆಲ್ಲ ತೊಡಕುಗಳಿದ್ದೂ ಆಸ್ಟ್ರೇಲಿಯಾದ ಕೆಲವು ದೊಡ್ಡ ಗಣಿಗಳು ಕಾಂತೀಯ ನಕ್ಷೆಯಿಂದಲೇ ಹುಟ್ಟಿವೆ. ಉತ್ತರ ಪ್ರಾಂತ್ಯದ ಟೆನೆಂಟ್ ಕ್ರೀಕ್‌ನಲ್ಲಿ ಚಿನ್ನ ಮತ್ತು ತಾಮ್ರ ಮ್ಯಾಗ್ನೆಟೈಟ್ ತುಂಬಿದ ಕಬ್ಬಿಣಶಿಲೆಯ ಗಡ್ಡೆಗಳಲ್ಲಿ ಕೂತಿರುವುದರಿಂದ, 1930ರ ದಶಕದಲ್ಲೇ ಅಲ್ಲಿ ನೆಲಮಟ್ಟದ ಕಾಂತೀಯ ಸಮೀಕ್ಷೆ ನಡೆಯಿತು. ಮುಂದೆ ವಾರೆಗೊ ಮತ್ತು ಜೂನೋ ಗಣಿಗಳು ಮೇಲ್ಮೈಯಲ್ಲಿ ಯಾವ ಕುರುಹೂ ಇಲ್ಲದ ಜಾಗಗಳಲ್ಲಿ ಅಸಂಗತಿಗಳನ್ನು ಕೊರೆದಾಗ ಸಿಕ್ಕವು. ಅಲ್ಲಿಯೇ ಎಷ್ಟೋ ಅಸಂಗತಿಗಳ ಕೆಳಗೆ ಕಬ್ಬಿಣಶಿಲೆಯೇನೋ ಇತ್ತು, ಚಿನ್ನದ ಕಣವೂ ಇರಲಿಲ್ಲ. ನ್ಯೂ ಸೌತ್ ವೇಲ್ಸ್‌ನ ಕೋಬಾರ್ ಬಳಿಯ ಎಲೂರಾದಲ್ಲಿ 1970ರ ದಶಕದಲ್ಲಿ ಸಿಕ್ಕ ಸತು-ಸೀಸ-ಬೆಳ್ಳಿಯ ಅದಿರನ್ನು ತೋರಿಸಿಕೊಟ್ಟದ್ದು ಅದರ ಒಡಲಲ್ಲಿದ್ದ ಪಿರೋಟೈಟ್. ಕ್ವೀನ್ಸ್‌ಲ್ಯಾಂಡಿನ ಕ್ಯಾನಿಂಗ್‌ಟನ್‌ನಲ್ಲಿ ವೈಮಾನಿಕ ಅಸಂಗತಿಯೊಂದನ್ನು ಮೆಲ್ಬರ್ನ್ ಮೂಲದ ಬಿಎಚ್‌ಪಿ 1990ರಲ್ಲಿ ಕೊರೆದಾಗ ಜಗತ್ತಿನ ಅತಿದೊಡ್ಡ ಬೆಳ್ಳಿಗಣಿಗಳಲ್ಲಿ ಒಂದು ಹೊರಬಿತ್ತು.

ಇವೆಲ್ಲಕ್ಕಿಂತ ಹೆಚ್ಚು ಚಿಂತನೆಗೆ ಹಚ್ಚುವುದು ದಕ್ಷಿಣ ಆಸ್ಟ್ರೇಲಿಯಾದ ಒಲಿಂಪಿಕ್ ಡ್ಯಾಮ್. ಮೆಲ್ಬರ್ನ್‌ನಲ್ಲಿ ಮುಖ್ಯ ಕಚೇರಿ ಹೊಂದಿದ್ದ ವೆಸ್ಟರ್ನ್ ಮೈನಿಂಗ್ ಕಾರ್ಪೊರೇಷನ್‌ನ ಭೂವಿಜ್ಞಾನಿ ಡಗ್ಲಸ್ ಹೇನ್ಸ್, ಹಳೆಯ ಬಸಾಲ್ಟ್ ಶಿಲೆ ಆಕ್ಸಿಡೀಕರಣಗೊಂಡಾಗ ತನ್ನಲ್ಲಿದ್ದ ತಾಮ್ರವನ್ನು ಬಿಟ್ಟುಕೊಡುತ್ತದೆ, ಆ ತಾಮ್ರ ಮೇಲಿನ ಜಲಜ ಶಿಲೆಗಳಲ್ಲಿ ಸಂಗ್ರಹವಾಗುತ್ತದೆ ಎಂಬ ಸಿದ್ಧಾಂತವನ್ನು ಮುಂದಿಟ್ಟಿದ್ದರು. ಹಾಗಾದರೆ ಹೂತುಹೋದ ಬಸಾಲ್ಟ್ ಎಲ್ಲಿದೆ ಎಂದು ಹುಡುಕಬೇಕಾಯಿತು. ಬಸಾಲ್ಟ್ ಭಾರವೂ ಹೌದು, ಕಾಂತೀಯವೂ ಹೌದು. ಸರ್ಕಾರಿ ನಕ್ಷೆಗಳಲ್ಲಿ ಗುರುತ್ವ ಮತ್ತು ಕಾಂತ ಎರಡರ ಅಸಂಗತಿಯೂ ಒಂದೆಡೆ ಕೂಡಿದ ಜಾಗಗಳನ್ನು ಭೂಭೌತವಿಜ್ಞಾನಿ ಹ್ಯೂ ರಟ್ಟರ್ ಗುರುತಿಸಿದರು, ಭೂಮಿಯ ಮಹಾಬಿರುಕುಗಳ ಜಾಡು ಹಿಡಿಯುತ್ತಿದ್ದ ಟಿಮ್ ಓ'ಡ್ರಿಸ್ಕಾಲ್ ಅವರ ಗೆರೆಗಳೂ ಅದೇ ಕಡೆ ಬೊಟ್ಟುಮಾಡಿದವು. ರಾಕ್ಸ್‌ಬಿ ಡೌನ್ಸ್ ಎಂಬ ಜಾನುವಾರು ಎಸ್ಟೇಟಿನಲ್ಲಿ, ದನಕರುಗಳಿಗೆ ನೀರುಣಿಸಲು ಕಟ್ಟಿದ್ದ ಒಲಿಂಪಿಕ್ ಡ್ಯಾಮ್ ಎಂಬ ಕಟ್ಟೆಯ ಬಳಿ, 1975ರಲ್ಲಿ ಮೊದಲ ರಂಧ್ರವನ್ನು ಕೊರೆದರು. ಮುನ್ನೂರೈವತ್ತು ಮೀಟರ್‌ಗಳಷ್ಟು ನಿರುಪಯುಕ್ತ ಶಿಲೆಯನ್ನು ದಾಟಿದ ಮೇಲೆ ಕೊರೆಗೊಳವೆಯಿಂದ ಹೊರಬಂದ ಕಲ್ಲುದಿಂಡು ಬಸಾಲ್ಟ್ ಆಗಿರಲಿಲ್ಲ. ಗ್ರಾನೈಟ್ ಚೂರುಗಳು ಹೆಮಟೈಟ್‌ನಲ್ಲಿ ಅಂಟಿಕೊಂಡ ಕೆಂಗಪ್ಪು ಕಲ್ಲದು. ಅದರಲ್ಲಿ 38 ಮೀಟರ್ ಉದ್ದಕ್ಕೆ ಶೇಕಡಾ 1.05 ತಾಮ್ರವಿತ್ತು. ನಂತರದ ರಂಧ್ರಗಳು ಆಸೆ-ನಿರಾಸೆಗಳ ನಡುವೆ ಹೊಯ್ದಾಡಿದವು, 1976ರಲ್ಲಿ ಕೊರೆದ ಹತ್ತನೆಯ ರಂಧ್ರದಲ್ಲಿ 170 ಮೀಟರ್ ಉದ್ದಕ್ಕೆ ಶೇಕಡಾ ಎರಡಕ್ಕೂ ಮಿಕ್ಕಿ ತಾಮ್ರ ಸಿಕ್ಕಾಗ ಸಂದೇಹಕ್ಕೆ ಎಡೆ ಉಳಿಯಲಿಲ್ಲ. ತಾಮ್ರ, ಚಿನ್ನ, ಬೆಳ್ಳಿಯ ಜೊತೆಗೆ ಜಗತ್ತಿನ ಅತಿದೊಡ್ಡ ಯುರೇನಿಯಂ ನಿಕ್ಷೇಪವೂ ಅಲ್ಲಿದೆ. 1988ರಿಂದ ಗಣಿಗಾರಿಕೆ ನಡೆದಿದೆ. ಹೆಮಟೈಟ್ ಭಾರವಾಗಿದ್ದರಿಂದ ಗುರುತ್ವದ ಅಸಂಗತಿಗೆ ಅದಿರೇ ಕಾರಣ. ಆದರೆ ಹೆಮಟೈಟ್ ಸೂಜಿಯನ್ನು ಅಷ್ಟಾಗಿ ಕದಲಿಸುವುದಿಲ್ಲವಾದ್ದರಿಂದ ಕಾಂತೀಯ ಅಸಂಗತಿಯ ಮೂಲ ಅದಿರಿಗಿಂತಲೂ ಆಳದಲ್ಲಿ ಬೇರೆ ಇದೆ. ಹುಡುಕಿದ್ದು ಬಸಾಲ್ಟನ್ನು, ಅದು ಸಿಗಲಿಲ್ಲ. ಕಾಂತ ತೋರಿಸಿದ್ದು ಇನ್ನೂ ಕೆಳಗಿನದನ್ನು. ನಡುವೆ ಸಿಕ್ಕದ್ದು ಅದಿರು. ಇದನ್ನು ಬರಿಯ ಅದೃಷ್ಟವೆಂದು ತಳ್ಳಿಹಾಕುವುದು ನ್ಯಾಯವಲ್ಲ, ಏಕೆಂದರೆ ಹೊರಗೆ ಒಂದು ಕಲ್ಲೂ ಕಾಣದ ಬಯಲಿನಲ್ಲಿ ಅಷ್ಟು ಆಳ ಕೊರೆಯುವ ಧೈರ್ಯ ಬಂದದ್ದು ಎರಡು ಸ್ವತಂತ್ರ ಅಳತೆಗಳು ಒಂದೇ ಜಾಗದಲ್ಲಿ ಸೇರಿದ್ದರಿಂದ.

ಕರ್ನಾಟಕದ ನೆಲದಲ್ಲಿ ಈ ಮ್ಯಾಗ್ನೆಟೈಟ್-ಹೆಮಟೈಟ್ ಭೇದ ಎರಡು ಹೆಸರಾಂತ ಗಣಿಪ್ರದೇಶಗಳಾಗಿಯೇ ಎದುರಾಗುತ್ತದೆ. ಸಂಡೂರು-ಬಳ್ಳಾರಿಯ ಕೆಂಪು ಅದಿರು ಹೆಮಟೈಟ್. 1913ರಲ್ಲಿ ಮೈಸೂರು ಭೂವಿಜ್ಞಾನ ಇಲಾಖೆಯ ಪಿ. ಸಂಪತ್ ಅಯ್ಯಂಗಾರ್ ಗುರುತಿಸಿದ, 2005ರ ಕೊನೆಗೆ ಗಣಿಗಾರಿಕೆ ನಿಂತ ಕುದುರೆಮುಖದ ಅದಿರು ಮ್ಯಾಗ್ನೆಟೈಟ್. ಎರಡೂ ಕಬ್ಬಿಣದ ಬೆಟ್ಟಗಳೇ ಆದರೂ ಕಾಂತಮಾಪಕ ಎರಡಕ್ಕೂ ಒಂದೇ ಉತ್ತರ ಕೊಡದು. ಚಿನ್ನದ ಹುಡುಕಾಟದಲ್ಲಿಯೂ ಈ ಬೆಟ್ಟಗಳಲ್ಲಿರುವಂತಹ ಪಟ್ಟಿಪಟ್ಟಿಯಾದ ಕಬ್ಬಿಣಶಿಲೆಗಳಿಗೆ ಮಹತ್ವವಿದೆ, ಏಕೆಂದರೆ ಗಂಧಕ ಹೊತ್ತು ಬರುವ ಬಿಸಿದ್ರವಗಳು ಕಬ್ಬಿಣದೊಂದಿಗೆ ವರ್ತಿಸಿದಾಗ ಅವುಗಳಲ್ಲಿ ಕರಗಿದ್ದ ಚಿನ್ನ ಅಲ್ಲೇ ಕೆಳಗೆ ಕೂರುತ್ತದೆ. ತುಮಕೂರು ಜಿಲ್ಲೆಯ ಅಜ್ಜನಹಳ್ಳಿಯ ಚಿನ್ನ ಇಂತಹ ಶಿಲೆಯಲ್ಲಿ ಸಿಕ್ಕದ್ದು. ಪಶ್ಚಿಮ ಆಸ್ಟ್ರೇಲಿಯಾದಲ್ಲಿ 1854ರಲ್ಲಿ ದಿಕ್ಸೂಚಿಯನ್ನು ದಾರಿತಪ್ಪಿಸಿದ ಬೆಟ್ಟಕ್ಕೆ ಅನ್ವೇಷಕ ರಾಬರ್ಟ್ ಆಸ್ಟಿನ್ ಕಾಂತದ ಹೆಸರನ್ನೇ ಇಟ್ಟಿದ್ದು, ನಾಲ್ಕು ದಶಕಗಳ ಬಳಿಕ ಆ ಮೌಂಟ್ ಮ್ಯಾಗ್ನೆಟ್ ಚಿನ್ನದ ಊರಾದದ್ದು ಕಾಕತಾಳೀಯವಲ್ಲ.

ಆದರೆ ಮೆಲ್ಬರ್ನ್‌ನಲ್ಲಿ ನಕ್ಷೆ ಓದಲು ಕಲಿತವರು ಅದೇ ಅಭ್ಯಾಸವನ್ನು ಚಿತ್ರದುರ್ಗಕ್ಕೆ ತಂದರೆ ಎಡವುತ್ತಾರೆ. ಬೆಂಗಳೂರಿನಲ್ಲಿ ಕೊಂಡ ದಿಕ್ಸೂಚಿಯನ್ನು ಬಾಕ್ಸ್ ಹಿಲ್‌ನ ಮನೆಯೊಂದರ ಮೇಜಿನ ಮೇಲಿಟ್ಟರೆ ಅದರ ದಕ್ಷಿಣದ ತುದಿ ಕೆಳಕ್ಕೆ ಜಗ್ಗಿ ತಳಕ್ಕೆ ಉಜ್ಜುತ್ತದೆ. ಬೆಂಗಳೂರಿನಲ್ಲಿ ಕಾಂತಕ್ಷೇತ್ರ ಸರಿಸುಮಾರು ಅಡ್ಡಡ್ಡ, ಉತ್ತರಕ್ಕೆ ಮುಖಮಾಡಿ ಹದಿನೈದು ಡಿಗ್ರಿಯ ಆಸುಪಾಸು ಮಾತ್ರ ಕೆಳಗೆ ಬಾಗಿದೆ. ಮೆಲ್ಬರ್ನ್‌ನಲ್ಲಿ ಅದು ನೆಲದಿಂದ ಮೇಲಕ್ಕೆ ಎಪ್ಪತ್ತು ಡಿಗ್ರಿಯ ಹತ್ತಿರ ಎದ್ದುನಿಂತಿದೆ. ಕ್ಷೇತ್ರ ಕಡಿದಾಗಿರುವಲ್ಲಿ ಅಸಂಗತಿಯ ನೆತ್ತಿ ಹೆಚ್ಚುಕಡಿಮೆ ಗಡ್ಡೆಯ ಮೇಲೆಯೇ, ತುಸು ಉತ್ತರಕ್ಕೆ ಸರಿದು ಕೂರುತ್ತದೆ. ಕ್ಷೇತ್ರ ಮಲಗಿರುವ ಕರ್ನಾಟಕದಲ್ಲಿ ಗಡ್ಡೆಯ ಮೇಲೆ ಕಾಣುವುದು ತಗ್ಗು. ಉಬ್ಬು ದಕ್ಷಿಣಕ್ಕೆ ಸರಿದಿರುತ್ತದೆ. ಮತ್ತೂ ಒಂದು ತೊಡಕಿದೆ: ಧಾರವಾಡ ಶಿಲಾಪಟ್ಟಿಗಳು ಬಹುಪಾಲು ಉತ್ತರ-ವಾಯವ್ಯದಿಂದ ದಕ್ಷಿಣ-ಆಗ್ನೇಯಕ್ಕೆ, ಅಂದರೆ ಕಾಂತಕ್ಷೇತ್ರ ಹರಿಯುವ ದಿಕ್ಕಿಗೇ ಉದ್ದವಾಗಿ ಚಾಚಿವೆ. ಅಡ್ಡಲಾಗಿ ಮಲಗಿದ ಕ್ಷೇತ್ರಕ್ಕೆ ಸಮಾನಾಂತರವಾಗಿರುವ ಉದ್ದನೆಯ ಗಡ್ಡೆಯ ಕಾಂತಧ್ರುವಗಳು ಅದರ ಎರಡು ತುದಿಗಳಲ್ಲಿ ಮಾತ್ರ ಮೂಡುವುದರಿಂದ, ಮೈಲಿಗಟ್ಟಲೆ ಉದ್ದದ ಕಬ್ಬಿಣಶಿಲೆಯ ನಡುಭಾಗದ ಮೇಲೆ ವಿಮಾನ ಹಾರಿದರೂ ಅಸಂಗತಿ ತೀರ ಸೊರಗಿ ಕಾಣಬಹುದು. ಅದೇ ಶಿಲೆ ಪೂರ್ವ-ಪಶ್ಚಿಮವಾಗಿ ತಿರುಗಿದ ಮಡಿಕೆಯಲ್ಲಿ ಮಾತ್ರ ಥಟ್ಟನೆ ಎದ್ದುಕಾಣುತ್ತದೆ. ಅಳತೆಗಳನ್ನು ಧ್ರುವಪ್ರದೇಶದಲ್ಲಿ ಮಾಡಿದ್ದರೆ ಹೇಗೆ ಕಾಣುತ್ತಿದ್ದವೋ ಹಾಗೆ ಪರಿವರ್ತಿಸುವ ಗಣಿತವನ್ನು ಭೂಭೌತವಿಜ್ಞಾನಿ ಬಾರಾನೋವ್ 1957ರಲ್ಲಿ ರೂಪಿಸಿದರು, ಆಸ್ಟ್ರೇಲಿಯಾದ ನಕ್ಷೆಗಳ ಮೇಲೆ ಅದು ಸಲೀಸಾಗಿ ಕೆಲಸ ಮಾಡುತ್ತದೆ. ಕಾಂತೀಯ ಸಮಭಾಜಕ ವೃತ್ತಕ್ಕೆ ಹತ್ತಿರವಿರುವ ದಕ್ಷಿಣ ಭಾರತದಲ್ಲಿ ಅದೇ ಲೆಕ್ಕ ಅಳತೆಯ ಸಣ್ಣ ತಪ್ಪುಗಳನ್ನೂ ಉತ್ತರ-ದಕ್ಷಿಣದ ಹುಸಿಪಟ್ಟೆಗಳಾಗಿ ಹಿಗ್ಗಿಸುತ್ತದೆ. ಆ ಹುಸಿಪಟ್ಟೆಗಳ ದಿಕ್ಕೂ ಧಾರವಾಡ ಶಿಲಾಪಟ್ಟಿಗಳ ದಿಕ್ಕೂ ಸರಿಸುಮಾರು ಒಂದೇ ಆಗಿರುವುದರಿಂದ, ಚಿತ್ರದುರ್ಗದ ನಕ್ಷೆಯ ಮುಂದೆ ಕುಳಿತವರು ಪ್ರತಿ ಗೆರೆಯನ್ನೂ ಹೊರಗೆ ಕಾಣುವ ಬಂಡೆಯೊಂದಿಗೆ ತಾಳೆನೋಡಿದ ಮೇಲೆಯೇ ಕೊರೆಯಂತ್ರಕ್ಕೆ ಜಾಗ ಗುರುತುಮಾಡುತ್ತಾರೆ.